ಕಣ್ಣೊಳಗಿನ ನಾಯಿಹುಳ

ನಮ್ಮ ಓಣಿಯ ಹೆಂಗಸರ ಮುಖಗಳನ್ನು ನಾನು ನೋಡಿದಷ್ಟು ಹತ್ತಿರದಿಂದ ಅವರ ಗಂಡಂದಿರೂ ನೋಡಿರಲಾರರು. ಸಿಂಧನೂರಿನಲ್ಲಿ ನನ್ನದೊಂದು ಬ್ಯೂಟಿ ಪಾರ್ಲರ್ ಇದೆ. ಪಾರ್ಲರ್ ಎಂದರೆ ಮನೆಯ ಮುಂದಿನ ಕೋಣೆ. ಒಂದು ಕುರ್ಚಿ, ಗೋಡೆಯಗಲದ ಕನ್ನಡಿ, ಮದುಮಕ್ಕಳ ಫೋಟೋ ತೆಗೆಯಲೆಂದು ತಂದ ರಿಂಗ್ ಲೈಟು. ಹುಬ್ಬು ತೀಡುವಾಗ ದಾರದ ಒಂದು ತುದಿ ನನ್ನ ಹಲ್ಲಿನಲ್ಲಿರುತ್ತದೆ, ಕುರ್ಚಿಯಲ್ಲಿ ಕೂತವಳ ಉಸಿರು ನನ್ನ ಕೆನ್ನೆಗೆ ತಾಗುತ್ತದೆ. ಆಕೆ ಬೆಳಿಗ್ಗೆ ಏನು ತಿಂದಳು, ಯಾರ ಮೇಲೆ ಉರಿದುಕೊಂಡು ಬಂದಿದ್ದಾಳೆ ಎಲ್ಲವೂ ಗೊತ್ತಾಗುತ್ತದೆ. ಇಷ್ಟು ವರ್ಷ ಹೀಗೆ ನೋಡಿದ ಮೇಲೆ ಮನುಷ್ಯರ ಮೇಲೆ ಗೌರವ ಹೆಚ್ಚಿತೇ ಎಂದು ಯಾರಾದರೂ ಕೇಳಿದರೆ ಇಲ್ಲ ಎನ್ನುತ್ತೇನೆ. ಇದ್ದ ಸ್ವಲ್ಪವೂ ಹೋದದ್ದು ನನ್ನ ಕಣ್ಣಿಗೆ ಹುಳ ಬಂದ ವರ್ಷ.

ಮೊದಲು ಎದುರುಮನೆಯವರ ಬಗ್ಗೆ ಹೇಳಬೇಕು. ಆ ಮನೆಯ ಯಜಮಾನರನ್ನು ಓಣಿಯೆಲ್ಲ ಮೆಂಬರ್ ಎಂದು ಕರೆಯುತ್ತದೆ. ಹಿಂದೊಮ್ಮೆ ವಾರ್ಡಿನಿಂದ ಆರಿಸಿ ಬಂದಿದ್ದರು, ಮುಂದಿನ ಸಲ ಸೋತರು. ಹುದ್ದೆ ಹೋಯಿತು, ಹೆಸರು ಮಾತ್ರ ಮೈಗೆ ಅಂಟಿಕೊಂಡಿತು. ನಮ್ಮ ಓಣಿಯ ಚರಂಡಿ ಸರಿ ಮಾಡಿಸುತ್ತೇನೆ ಎಂದು ಪ್ರತಿ ಮದುವೆಯಲ್ಲೂ, ಸತ್ತವರ ಮಣ್ಣಿಗೆ ಬಂದಾಗಲೂ ಹೇಳುತ್ತಿದ್ದರು. ಮಾಡಿಸಿದ್ದು ಒಂದೇ ಕೆಲಸ: ತಮ್ಮ ಕಾರು ಒಳಗೆ ಹೋಗಲಿ ಎಂದು ಗೇಟಿನ ಮುಂದೆ ಚರಂಡಿಗೆ ಅಡ್ಡಲಾಗಿ ಸಿಮೆಂಟು ಸುರಿದು ಕಟ್ಟೆ ಕಟ್ಟಿಸಿದರು. ಕೆಳಗೆ ತೋಳಿನ ಗಾತ್ರದ ಪೈಪು ಇಟ್ಟಿದ್ದರಂತೆ. ಅದು ಮೊದಲ ಮಳೆಗೇ ಕಟ್ಟಿಕೊಂಡಿತು. ಅಂದಿನಿಂದ ಮೇಲಿನ ಓಣಿಯ ನೀರೆಲ್ಲ ಓಣಿಯ ಅಡಿಯ ಹಳೆಯ ಮೋರಿಯಿಂದ ಹಾದು ನಮ್ಮ ಬಾಗಿಲ ಮುಂದಿನ ಗಟಾರಕ್ಕೆ ಬಂದು ನಿಲ್ಲತೊಡಗಿತು. ಸುತ್ತಲೂ ಭತ್ತದ ಗದ್ದೆ, ಕಾಲುವೆ ಇರುವ ಊರಿನಲ್ಲಿ ಸೊಳ್ಳೆ ಹೊಸದೇನಲ್ಲ. ಆದರೆ ನಮ್ಮ ಬಾಗಿಲಿಗೆ ಬಂದದ್ದು ಸೊಳ್ಳೆಯಲ್ಲ, ಸೊಳ್ಳೆಯ ಮೋಡ. ಸಂಜೆ ಕಿಟಕಿ ತೆರೆದು ಕೆಲಸ ಮಾಡಲು ಆಗುತ್ತಿರಲಿಲ್ಲ.

ಮೆಂಬರರ ಮನೆಯಲ್ಲೊಂದು ನಾಯಿಯೂ ಇತ್ತು. ಬಂಗಾರದ ಬಣ್ಣದ ಉದ್ದ ಕೂದಲಿನ ದೊಡ್ಡ ನಾಯಿ, ಹೈದರಾಬಾದಿನಿಂದ ಕಾರಿನಲ್ಲಿ ಬಂದದ್ದು. ಬಂದ ದಿನ ಅದರ ಕೊರಳಿಗೆ ಹೂವಿನ ಹಾರ ಹಾಕಿ ಫೋಟೋ ತೆಗೆಸಿಕೊಂಡರು. ಆಮೇಲೆ ಅದನ್ನು ಪಡಸಾಲೆಯ ಕಂಬಕ್ಕೆ ಕಟ್ಟಿ ಮರೆತರು. ಮೊಸರನ್ನ, ಬಿಸ್ಕತ್ತು, ಮಿಕ್ಕಿದ ಒಬ್ಬಟ್ಟು ಅದರ ಊಟ. ನಮ್ಮ ಬಿಸಿಲಿಗೆ ನಾಲಿಗೆ ಜೋತುಹಾಕಿ ಮಲಗಿರುತ್ತಿತ್ತು, ಸಂಜೆಯಾದರೆ ಸೊಳ್ಳೆ ಕಚ್ಚಿ ಮೈಯೆಲ್ಲ ಕೆರೆದುಕೊಳ್ಳುತ್ತಿತ್ತು. ದನದ ಡಾಕ್ಟರು ಅದನ್ನು ನೋಡಿದ್ದನ್ನು ನಾನು ಕಂಡಿಲ್ಲ.

"ಅಕ್ಕಾರ, ನಾಯಿಗೆ ಸೂಜಿ, ಔಷಧ ಏನರ ಹಾಕ್ಸೀರೇನ್ರಿ?" ಎಂದು ಒಮ್ಮೆ ಮೆಂಬರರ ಹೆಂಡತಿಯನ್ನು ಕೇಳಿದ್ದೆ. ಆಕೆ ನನ್ನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು.

"ಜಾತಿ ನಾಯಿಗೆ ರೋಗ ಬರಂಗಿಲ್ಲವಾ. ಅದು ಬರೋದು ಬೀದಿ ನಾಯಿಗೆ," ಎಂದರು.

ನನಗೇನು? ನಾನು ಹುಬ್ಬು ತೀಡಿದೆ.

ಆ ವರ್ಷ ಬೇಸಿಗೆ ಕಳೆಯುತ್ತಿದ್ದಂತೆ ನನ್ನ ಬಲಗಣ್ಣಿನ ಮೇಲಿನ ರೆಪ್ಪೆ ಊದಿಕೊಂಡಿತು. ಕಡಲೆಕಾಳಿನಷ್ಟು ಗಂಟು, ಕೆರೆತ. ಕುರು ಎದ್ದಿರಬೇಕು ಎಂದುಕೊಂಡೆ. ಮರುದಿನ ನೋಡಿದರೆ ರೆಪ್ಪೆ ಚೆನ್ನಾಗಿತ್ತು, ಗಂಟು ಮೂಗಿನ ಬದಿಗೆ ಬಂದಿತ್ತು. ಅದಾದ ಮೇಲೆ ಕೆಲವು ದಿನ ಏನೂ ಇಲ್ಲ. ಮತ್ತೆ ಕಿವಿಯ ಹತ್ತಿರ ಎದ್ದಿತು. ಕುರು ಎಲ್ಲಾದರೂ ನಡೆದಾಡುತ್ತದೆಯೇ?

ಎಲ್ಲರಿಗೂ ಕಾರಣ ಗೊತ್ತಿತ್ತು. ನಮ್ಮ ಅತ್ತೆ ದೃಷ್ಟಿ ತಾಗಿದೆ ಎಂದು ಒಣ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು, ಮನೆಮಂದಿಯೆಲ್ಲ ಕೆಮ್ಮಿದೆವು. ಮೆಂಬರರ ಹೆಂಡತಿ "ನೀ ಅಗ್ಗದ ಕ್ರೀಮು ಹಚ್ಚತಿ, ಅದ್ಕ," ಎಂದರು. ಅದೇ ಕ್ರೀಮನ್ನು ತಾವು ಮುಖಕ್ಕೆಲ್ಲ ಬಳಿಸಿಕೊಂಡು ಮಲಗಿದ್ದಾಗ ಹೇಳಿದ ಮಾತು ಇದು. ಓಣಿಯ ತುದಿಯಲ್ಲಿ ಡಾಕ್ಟರೆಂದು ಹೇಳಿಕೊಳ್ಳುವ ಒಬ್ಬನಿದ್ದ. ಜ್ವರವಿರಲಿ, ಮೊಣಕಾಲು ನೋವಿರಲಿ, ಮೊದಲು ಸೂಜಿ, ಆಮೇಲೆ ಮಾತು. ಅವನು ನನ್ನ ಗಂಟನ್ನು ಮುಟ್ಟಿಯೂ ನೋಡಲಿಲ್ಲ.

"ಅಲರ್ಜಿ ಐತಿ. ಬದ್ನಿಕಾಯಿ ಬಿಡ್ರಿ," ಎಂದ.

"ನಾ ಬದ್ನಿಕಾಯಿ ತಿನ್ನೋದೇ ಇಲ್ರಿ," ಎಂದೆ.

"ಹಂಗಾರ ಮೀನು ಬಿಡ್ರಿ," ಎಂದು ಸೂಜಿ ಚುಚ್ಚಿದ.

ನನ್ನ ತವರು ಮಸ್ಕಿ. ಅಲ್ಲಿ ಚಿಕ್ಕಮ್ಮನ ಮಗಳ ಮದುವೆ ಇತ್ತು, ಮದುಮಗಳಿಗೆ ನಾನೇ ಮೇಕಪ್ ಮಾಡಬೇಕಿತ್ತು. ಹೋಗುವ ಹೊತ್ತಿಗೆ ಗಂಟು ಮತ್ತೆ ರೆಪ್ಪೆಗೆ ಬಂದಿತ್ತು. ನೋಡಿದ ಕೂಡಲೇ ಚಿಕ್ಕಮ್ಮ ಹುಳ ತೆಗೆಯುವಾಕೆಗೆ ಹೇಳಿಕಳಿಸಿದಳು. ನಮ್ಮ ಕಡೆ ಇವರು ಬಹಳ ಕಾಲದಿಂದ ಇದ್ದಾರೆ. ಹಲ್ಲು ನೋವೆಂದರೆ ಹಲ್ಲಿನಿಂದ, ಕಿವಿ ನೋವೆಂದರೆ ಕಿವಿಯಿಂದ, ಕಣ್ಣುರಿ ಎಂದರೆ ಕಣ್ಣಿನಿಂದ ಹುಳ ತೆಗೆದು ತೋರಿಸುತ್ತಾರೆ. ಎಲೆಯೊಂದನ್ನು ನೋವಿದ್ದ ಕಡೆ ಹಿಡಿದು, ಏನೋ ಗುನುಗಿ, ಆ ಎಲೆಯನ್ನು ನೀರಿನ ಬಟ್ಟಲಲ್ಲಿ ಅದ್ದಿದರೆ ಸಣ್ಣ ಬಿಳಿ ಹುಳಗಳು ತೇಲುತ್ತವೆ. ಹುಳಗಳು ಬರುವುದು ಎಲೆಯ ಮಡಿಕೆಯಿಂದ. ಚಿಕ್ಕವಳಿದ್ದಾಗಲೇ ಅದನ್ನು ನಾನು ಕಣ್ಣಾರೆ ಕಂಡಿದ್ದೆ, ಹೇಳಿದ್ದಕ್ಕೆ ಅಮ್ಮನಿಂದ ಏಟು ತಿಂದಿದ್ದೆ.

ಮದುವೆ ಮನೆಯಲ್ಲಿ ಜಗಳ ಬೇಡವೆಂದು ಕೂತೆ. ಆಕೆ ಎಲೆ ಹಿಡಿದಳು, ಗುನುಗಿದಳು, ಬಟ್ಟಲಲ್ಲಿ ಹುಳ ಉದುರಿಸಿದಳು. ಅಕ್ಕಿ ಹುಳವನ್ನು ಅಕ್ಕಿ ಆರಿಸುವ ಹೆಂಗಸರೇ ಗುರುತಿಸಲಿಲ್ಲ. ಬೀಗರ ಮನೆಯ ಪದವೀಧರೆಯೊಬ್ಬಳು ಮೊಬೈಲಿನಲ್ಲಿ ಫೋಟೋ ಹಿಡಿದಳು.

"ಈಗ ಹಗುರ ಆತೇನ?" ಎಂದು ಚಿಕ್ಕಮ್ಮ ಕೇಳಿದಳು.

"ಚಿಕ್ಕಮ್ಮ, ಕಣ್ಣಾಗ ಹುಳ ಇರ್ತಾವೇನು? ನಿನಗರ ಬುದ್ಧಿ ಬ್ಯಾಡೇನು?" ಎಂದೆ.

ಆಕೆಗೆ ಸಿಟ್ಟು ಬಂತು. ನನ್ನ ಮಾತು ಮದುವೆ ಮನೆಯಲ್ಲೆಲ್ಲ ಹರಡಿತು. ಸಿಂಧನೂರಿಗೆ ಹೋಗಿ ಹುಡುಗಿಗೆ ಸೊಕ್ಕು ಬಂದಿದೆ ಎಂದರು.

ಮದುವೆ ಮುಗಿಸಿ ಬಂದ ಮೇಲೆ ಒಂದು ಬೆಳಿಗ್ಗೆ ಪಾರ್ಲರ್ ತೆರೆಯುವ ಮೊದಲು ಕನ್ನಡಿಯ ಮುಂದೆ ನಿಂತು ರಿಂಗ್ ಲೈಟ್ ಹಚ್ಚಿದೆ. ಕಣ್ಣು ಕೆಂಪಾಗಿ ಕಿರಿಕಿರಿ ಮಾಡುತ್ತಿತ್ತು. ಮೂಗಿನ ಬದಿಯ ಬಿಳಿಗುಡ್ಡೆಯ ಮೇಲೆ ತೆಳ್ಳಗಿನ ಬಿಳಿ ದಾರವೊಂದು ಬಾಗಿಕೊಂಡು ಕೂತಿತ್ತು. ಹುಬ್ಬು ತೀಡುವ ದಾರದ ಎಳೆ ಸಿಕ್ಕಿಕೊಂಡಿದೆ ಎಂದು ಹತ್ತಿಯಿಂದ ಒರೆಸಿದೆ. ಬರಲಿಲ್ಲ. ಅದು ಕಣ್ಣಿನ ಮೇಲೆ ಇರಲಿಲ್ಲ, ಪೊರೆಯ ಕೆಳಗೆ ಇತ್ತು. ರೆಪ್ಪೆ ಎಳೆದು ಹಿಡಿದು ಇನ್ನೂ ಹತ್ತಿರ ಹೋದೆ. ಆಗ ಅದು ತಾನಾಗಿ ಹೊರಳಿತು. ಒಂದು ತುದಿ ಮುಂದಕ್ಕೆ ಚಾಚಿ, ನಡು ಬಾಗಿಸಿ, ಮೆಲ್ಲಗೆ ಮೇಲಕ್ಕೆ ತೆವಳಿತು.

ಕೈಕಾಲು ತಣ್ಣಗಾದವು. ನನ್ನ ಕಣ್ಣಿನಿಂದಲೇ ನನ್ನ ಕಣ್ಣೊಳಗಿನ ಹುಳವನ್ನು ನೋಡುತ್ತಿದ್ದೆ, ಕಣ್ಣು ಮುಚ್ಚಿದರೆ ಅದರ ಜೊತೆ ಕತ್ತಲಲ್ಲಿ ಉಳಿಯಬೇಕು, ತೆರೆದರೆ ನೋಡಬೇಕು. ಗಂಡನನ್ನು ಕೂಗಿದೆ. ನನ್ನ ಗಂಡ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುತ್ತಾರೆ, ಅಂಗಡಿ ಮನೆಯ ಪಕ್ಕದಲ್ಲೇ. ಕೈಯ ಗ್ರೀಸು ಒರೆಸಿಕೊಂಡು ಬರುವಷ್ಟರಲ್ಲಿ ಹುಳ ರೆಪ್ಪೆಯ ಕೆಳಗೆ ಸರಿದುಹೋಗಿತ್ತು.

"ಏನೂ ಕಾಣವಲ್ದಲ್ಲ," ಎಂದರು.

"ಈಗ ಇತ್ತು. ಹರಿದಾಡಾಕತ್ತಿತ್ತು."

"ಮಸ್ಕ್ಯಾಗ ಆ ಹುಳದಾಕಿ ನಿನ್ನ ತಲ್ಯಾಗ ಹುಳ ಬಿಟ್ಟಾಳ," ಎಂದು ನಕ್ಕು ಹೊರಟರು. ನಾಟಿಯ ಕಾಲ, ಅವರ ಅಂಗಡಿಯ ಮುಂದೆ ಮೋಟಾರುಗಳು ಸಾಲುಗಟ್ಟಿದ್ದವು. ಹೆಂಡತಿಯ ಕಣ್ಣು ಸುಟ್ಟ ಮೋಟಾರಾಗಿದ್ದರೆ ಬಿಚ್ಚಿ ನೋಡುತ್ತಿದ್ದರೋ ಏನೋ.

ಲಿಂಗಸುಗೂರಿನಲ್ಲಿ ಒಬ್ಬ ಕಣ್ಣಿನ ಡಾಕ್ಟರಮ್ಮ ಇದ್ದಾರೆ, ಸಮಾಧಾನದಿಂದ ನೋಡುತ್ತಾರೆ ಎಂದು ಗಿರಾಕಿಯೊಬ್ಬಳು ಹಿಂದೆ ಹೇಳಿದ್ದಳು. ಅಂದೇ ಬಸ್ಸು ಹತ್ತಿದೆ. ಒಬ್ಬಳೇ ಹೋಗುವುದು ಬೇಡ ಎಂದು ಅತ್ತೆಯೂ ಬಂದರು. ಕಾಳಜಿಯಿಂದಲ್ಲ, ನಾನು ಡಾಕ್ಟರ ಮುಂದೆ ಮನೆಯ ಮಾನ ಕಳೆಯುತ್ತೇನೆಂಬ ಹೆದರಿಕೆಯಿಂದ. ಮಸ್ಕಿ ದಾಟುವಾಗ ಕಿಟಕಿಯಾಚೆ ನೋಡಲಿಲ್ಲ. ಚಿಕ್ಕಮ್ಮ ಎದುರಾದರೆ ಏನು ಹೇಳಲಿ?

ಡಾಕ್ಟರಮ್ಮನಿಗೆ ವಯಸ್ಸು ಕಡಿಮೆ. "ಏನಾಗೈತ್ರಿ?" ಎಂದು ಕೇಳಿದರು.

"ಕಣ್ಣಾಗ ಹುಳ ಐತ್ರಿ," ಎಂದೆ. ಹೇಳಿದ ಕೂಡಲೇ ಅವರು ನಗುತ್ತಾರೆ ಎಂದು ಕಾದೆ. ನಗಲಿಲ್ಲ.

"ನೀವ ನೋಡೀರೇನು?"

"ಕನ್ನಡ್ಯಾಗ ನೋಡೀನ್ರಿ. ಬೆಳಕು ಹಚ್ಚಿದ್ದೆ."

ಅವರು ನನ್ನನ್ನು ದೊಡ್ಡ ಯಂತ್ರದ ಮುಂದೆ ಕೂರಿಸಿ, ಗದ್ದವನ್ನು ಪಟ್ಟಿಯ ಮೇಲೆ ಇಡಿಸಿ, ಕಣ್ಣಿಗೆ ಬೆಳಕು ಬಿಟ್ಟರು. ಮೊದಲು ಏನೂ ಕಾಣಲಿಲ್ಲ. ಮೇಲೆ ನೋಡಿ, ಕೆಳಗೆ ನೋಡಿ, ಪಕ್ಕಕ್ಕೆ ನೋಡಿ ಎಂದರು. ಹೊರಗೆ ಜನ ಕಾಯುತ್ತಿದ್ದರು. ಅವರು ಅವಸರ ಮಾಡಲಿಲ್ಲ. ನನ್ನ ಕೊರಳು ನೋಯುವ ಹೊತ್ತಿಗೆ ಉಸಿರು ಬಿಗಿಹಿಡಿದು, "ಹಂಗ ಇರ್ರಿ. ಅಲುಗಬ್ಯಾಡ್ರಿ. ಬಂತು," ಎಂದರು.

ಆ ಗಳಿಗೆಯಲ್ಲಿ ನನಗಾದದ್ದು ಭಯವಲ್ಲ, ಸಂತೋಷ. ಇಷ್ಟು ದಿನಕ್ಕೆ ಒಬ್ಬರು ನಾನು ಕಂಡದ್ದನ್ನು ಕಂಡಿದ್ದರು.

ಹನಿ ಹಾಕಿ ಕಣ್ಣು ಮರಗಟ್ಟಿಸಿ, ಮಲಗಿಸಿ, ಪೊರೆಗೆ ಸಣ್ಣ ಗಾಯ ಮಾಡಿ, ಚಿಮುಟದಿಂದ ಮೆಲ್ಲಗೆ ಎಳೆದರು. ನೋವಿರಲಿಲ್ಲ. ಒಳಗಿನಿಂದ ಏನೋ ಜಾರಿ ಹೊರಗೆ ಹೋಗುತ್ತಿರುವುದು ಮಾತ್ರ ತಿಳಿಯುತ್ತಿತ್ತು, ಮುಗಿಯುತ್ತಲೇ ಇರಲಿಲ್ಲ. ಹೊರಗೆ ಬಂದದ್ದು ನನ್ನ ನಡುಬೆರಳಿಗಿಂತ ಉದ್ದವಿತ್ತು. ಉಪ್ಪುನೀರಿನ ಬಾಟಲಿಯಲ್ಲಿ ಬಿಟ್ಟರೆ ಇನ್ನೂ ಹೊರಳಾಡುತ್ತಿತ್ತು. ಅತ್ತೆ ಸಹಾಯಕಿಯ ಕೈಗೆ ತಮ್ಮ ಫೋನು ಕೊಟ್ಟು ವಿಡಿಯೋ ಮಾಡಿಸಿಕೊಂಡರು, ಮಗನಿಗೆ ತೋರಿಸಲೆಂದು.

"ಇದು ನಾಯಿ ಹುಳ," ಎಂದರು ಡಾಕ್ಟರಮ್ಮ. "ನಾಯಿ ಚರ್ಮದ ಕೆಳಗ ಬೆಳೀತೈತಿ. ಮರಿ ಹುಳ ರಕ್ತದಾಗ ಓಡಾಡ್ತಾವ. ಸೊಳ್ಳಿ ನಾಯಿ ರಕ್ತ ಕುಡದು ಆಮ್ಯಾಲ ಮನುಷ್ಯಾಗ ಕಚ್ಚಿದ್ರ ಒಂದೊಂದು ಸಲ ಹಿಂಗ ದಾಟಿಬಿಡ್ತೈತಿ. ನಮ್ಮ ಮೈಯಾಗ ಅದಕ್ಕ ದಾರಿ ತಿಳಿಯಂಗಿಲ್ಲ. ತಿಂಗಳುಗಟ್ಟಲೆ ಚರ್ಮದ ಕೆಳಗ ತಿರುಗತೈತಿ, ನಿಮ್ಮ ಗಂಟು ಅದ. ಇಲ್ಲಿ ಮರಿ ಹಾಕಾಕ ಅದರ ಕೈಲಿ ಆಗಂಗಿಲ್ಲ. ತೆಗದ್ವಿ, ಮುಗೀತು. ಒಬ್ಬರಿಂದ ಒಬ್ಬರಿಗೆ ಹತ್ತಂಗಿಲ್ಲ. ಆದ್ರೂ ರಕ್ತ ಒಮ್ಮೆ ನೋಡೋಣು, ಹುಳನ ಲ್ಯಾಬಿಗೆ ಕಳಸ್ತೀನಿ."

"ಯಾರ ನಾಯಿದ್ರಿ?" ಎಂದೆ. ನನ್ನ ಮನಸ್ಸಿನಲ್ಲಿ ಒಂದೇ ನಾಯಿ ಇತ್ತು.

"ಅದನ್ನ ಹೇಳಾಕ ಬರಂಗಿಲ್ರಿ. ಸೊಳ್ಳಿ ವಿಳಾಸ ಬರಕೊಂಡು ಬರತೈತೇನು?"

ಇಷ್ಟೆಲ್ಲ ಹೇಳಿದರಲ್ಲ, ಅದರಲ್ಲಿ ಅತ್ತೆಯ ಕಿವಿಗೆ ಬಿದ್ದದ್ದು ಒಂದೇ ಶಬ್ದ: ನಾಯಿ. ಮರಳಿ ಬರುವಾಗ ಬಸ್ಸಿನಲ್ಲಿ ಅವರು ನನ್ನ ಪಕ್ಕದಲ್ಲಿ ಕೂರಲಿಲ್ಲ. ನಾವು ಮುಸಲ್ಮಾನರು, ಮನೆಯೊಳಗೆ ನಾಯಿ ಬಿಟ್ಟುಕೊಳ್ಳುವವರಲ್ಲ. ಮನೆಯಲ್ಲಿ ದಖನಿ ಉರ್ದು ಆಡುತ್ತೇವೆ, ಆ ಮಾತುಗಳನ್ನೂ ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ, ಆದರೆ ಅತ್ತೆಗೆ ಸಿಟ್ಟು ಬಂದರೆ ಕನ್ನಡಕ್ಕೆ ಇಳಿಯುತ್ತಾರೆ. ದಖನಿಯಲ್ಲಿ ಬೈದರೆ ಎದುರಿನವರಿಗೆ ಸರಿಯಾಗಿ ನಾಟುವುದಿಲ್ಲ ಎಂದು ಅವರ ನಂಬಿಕೆ. ಅಂದು ಮನೆ ಮುಟ್ಟುತ್ತಲೇ ಕನ್ನಡದಲ್ಲಿ ಶುರು ಮಾಡಿದರು.

"ಖರೇ ಹೇಳು ಬೇ, ಯಾವಾಗ ಮುಟ್ಟಿದ್ದಿ ನಾಯಿನ?"

"ಮುಟ್ಟಿಲ್ಲ ಅಮ್ಮಿ. ಸೊಳ್ಳಿ ಕಡದೈತಿ."

"ಸೊಳ್ಳಿ ಕಡದ್ರ ಸೊಳ್ಳಿ ಹುಳ ಬರಬೇಕು, ನಾಯಿ ಹುಳ ಹೆಂಗ ಬರತೈತಿ? ನನಗೇನು ಕಿವ್ಯಾಗ ಹೂವು ಇಡಾಕತ್ತೀಯೇನು?"

ನನ್ನ ತಟ್ಟೆ ಬೇರೆಯಾಯಿತು. ಹಾಸಿಗೆ, ಹೊದಿಕೆ ಕುದಿಯುವ ನೀರಿನಲ್ಲಿ ಬಿದ್ದವು. ಮನೆಯನ್ನು ಮೇಲಿಂದ ಕೆಳಗೆ ತೊಳೆದರು, ತೊಳೆದ ನೀರನ್ನು ಬಾಗಿಲ ಮುಂದಿನ ಆ ಕಟ್ಟಿನಿಂತ ಗಟಾರಕ್ಕೆ ಚೆಲ್ಲಿದರು. ನನಗೆ ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ.

ಮಗನಿಗೆ ತೋರಿಸಲೆಂದು ಮಾಡಿಸಿದ ವಿಡಿಯೋವನ್ನು ಅವರು ಬಂಧುಗಳ ವಾಟ್ಸಾಪ್ ಗುಂಪಿಗೂ ಹಾಕಿದ್ದರು. ಅಲ್ಲಿಂದ ಅದು ಊರಿಗೆ ಹೋಯಿತು. ಯಾರೋ ಅದರ ಕೆಳಗೆ, ಪಾರ್ಲರಿಗೆ ಹೋಗುವ ಹೆಣ್ಣುಮಕ್ಕಳೇ ಎಚ್ಚರ, ಹುಬ್ಬಿನ ದಾರದಿಂದ ಕಣ್ಣಿಗೆ ಹುಳ ಎಂದು ಬರೆದರು. ಮೇಲೆ ದುಃಖದ ಸಂಗೀತ ಸೇರಿಸಿದ್ದರು. ಓದು ಬಂದವರು, ಶಾಲೆಯಲ್ಲಿ ಪಾಠ ಹೇಳುವವರು, ಆಸ್ಪತ್ರೆಯ ಬಿಳಿ ಕೋಟು ತೊಟ್ಟವರು, ಯಾರೊಬ್ಬರೂ ಇದು ಸುಳ್ಳೆಂದು ಬರೆಯಲಿಲ್ಲ. ಕೈಮುಗಿದ ಚಿತ್ರ ಹಾಕಿ ಮುಂದಕ್ಕೆ ಕಳಿಸಿದರು. ನನ್ನ ಕುರ್ಚಿ ಖಾಲಿಯಾಯಿತು. ಮೊದಲೇ ಮಾತಾಡಿಟ್ಟಿದ್ದ ಮದುಮಗಳ ತಾಯಿ ಫೋನು ಮಾಡಿ, "ಬ್ಯಾರೆ ಏನಿಲ್ಲ, ಹುಡುಗಿ ಅಂಜಾಕತ್ತಾಳ," ಎಂದಳು. ವರ್ಷಗಟ್ಟಲೆ ನನ್ನ ಮುಂದೆ ಸೊಸೆಯರನ್ನು ಬೈದು, ಗಂಡನ ಗುಟ್ಟು ಹೇಳಿ, ಮೀಸೆಯ ಕೂದಲು ತೆಗೆಸಿಕೊಂಡು ಹೋದವರು ಬೀದಿಯಲ್ಲಿ ಕಂಡರೆ ಸೆರಗನ್ನು ಮೂಗಿಗೆ ಒತ್ತಿ ದಾಟಿದರು.

ಎಲ್ಲರಿಗಿಂತ ಮೊದಲು ಬಂದವರು ಮೆಂಬರರ ಹೆಂಡತಿ. ಒಳಗೆ ಬರಲಿಲ್ಲ, ರಸ್ತೆಯಲ್ಲೇ ನಿಂತರು. "ನೋಡವಾ, ನಾಯಿ ನಾಯಿ ಅಂತ ಹೇಳಿ ನಮ್ಮ ಹೆಸರು ತರಬ್ಯಾಡ. ನಮ್ಮ ನಾಯಿ ಫಿಲ್ಟರ್ ನೀರು ಕುಡಿತೈತಿ," ಎಂದರು.

"ಅದರ ರಕ್ತ ಒಮ್ಮೆ ತೋರಸ್ರಿ ಅಕ್ಕಾರ. ಔಷಧ ಐತಂತ. ನಿಮಗೂ ಚಲೋ," ಎಂದೆ.

"ಅದರ ಅಪ್ಪ ಅವ್ವನ ಸರ್ಟಿಫಿಕೇಟ್ ಐತಿ ನಮ್ಮಲ್ಲಿ," ಎಂದು ಹೊರಟೇಹೋದರು.

ಮೆಂಬರರು ಸುಮ್ಮನೆ ಕೂರುವವರಲ್ಲ. ಸೋತವರಿಗೆ ಜನಸೇವೆಯ ಅವಕಾಶ ಸಿಕ್ಕರೆ ಬಿಡುತ್ತಾರೆಯೇ? ಬಾಡಿಗೆಯ ಆಳುಗಳನ್ನು ಕರೆಸಿ ಓಣಿಯ ಬೀದಿನಾಯಿಗಳನ್ನೆಲ್ಲ ಬಲೆ ಹಾಕಿ ಹಿಡಿಸಿ, ಚೀಲ ತುಂಬಿದಂತೆ ಗೂಡ್ಸ್ ಆಟೋದಲ್ಲಿ ತುಂಬಿಸಿ, ಮಸ್ಕಿ ರಸ್ತೆಯಲ್ಲಿ ಎಲ್ಲೋ ಹೊಲದ ಬಳಿ ಬಿಡಿಸಿ ಬಂದರು. ಒಂದು ಕುಂಟು ಹೆಣ್ಣುನಾಯಿ ಬಲೆಯಲ್ಲಿ ಕಿರುಚಿದ್ದು ಈಗಲೂ ನೆನಪಿದೆ. ಮರುದಿನವೇ ಚೌಕದಲ್ಲಿ ಫ್ಲೆಕ್ಸ್ ಎದ್ದಿತು: ಜನರ ಆರೋಗ್ಯಕ್ಕಾಗಿ ಹಗಲಿರುಳು ದುಡಿಯುವ ನಾಯಕ. ಅದರಲ್ಲಿ ಅವರ ಪಕ್ಕ ನಿಂತ ಜಾತಿ ನಾಯಿಯ ಚಿತ್ರವೂ ಇತ್ತು. ಫ್ಲೆಕ್ಸಿನ ಬಣ್ಣ ಮಾಸುವ ಮೊದಲೇ ನಾಯಿಗಳೆಲ್ಲ ನಡೆದು ವಾಪಸು ಬಂದವು. ಕುಂಟು ನಾಯಿ ಕೊನೆಯಲ್ಲಿ ಬಂತು.

ಗಾಯ ನೋಡಿಸಿಕೊಳ್ಳಲು ಮತ್ತೆ ಲಿಂಗಸುಗೂರಿಗೆ ಹೋಗಬೇಕಾಯಿತು. ಅತ್ತೆ ಈ ಸಲವೂ ಬಂದರು, ಡಾಕ್ಟರಿಂದಲೇ ನನ್ನ ಸುಳ್ಳು ಹೊರಗೆಡವಲು. ರಕ್ತದಲ್ಲಿ ಏನೂ ಇರಲಿಲ್ಲ, ಕಣ್ಣಿನ ಗಾಯ ಮಾಯ್ದಿತ್ತು.

"ಡಾಕ್ಟರಮ್ಮಾ, ಇಕಿ ನಾಯಿ ಮುಟ್ಟಿದ್ದಕ್ಕ ಬಂದೈತಿ ಹೌದಲ್ರಿ?" ಎಂದು ಅತ್ತೆ ಕೇಳಿದರು.

"ಮುಟ್ಟಿದ್ರ ಬರಂಗಿಲ್ಲಮ್ಮ. ಸೊಳ್ಳಿ ಕಡದ್ರ ಬರತೈತಿ. ನಿಮ್ಮ ಮನ್ಯಾಗ ಸೊಳ್ಳಿ ಇಕಿಗೊಬ್ಬಾಕಿಗೇ ಕಡದಿರತಾವೇನು? ನಿಮಗೂ ಕಡದಿರತಾವ."

ಅತ್ತೆಯ ಕೈ ತಾನಾಗಿ ತಮ್ಮ ಕಣ್ಣಿಗೆ ಹೋಯಿತು. ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು ಒತ್ತಿ ನೋಡಿಕೊಂಡರು. "ಈಗ ಏನು ಮಾಡಬೇಕ್ರಿ?" ಎಂದ ಅವರ ದನಿ ಬೇರೆಯಾಗಿತ್ತು.

"ಮನಿ ಮುಂದ ನೀರು ನಿಂದರಿಸಬ್ಯಾಡ್ರಿ. ಸೊಳ್ಳಿ ಪರದಿ ಕಟಗೊಂಡು ಮಲಗ್ರಿ. ನಾಯಿ ಸಾಕಿದವರು ನಾಯಿಗೆ ಔಷಧ ಹಾಕಸಲಿ."

ಬಸ್ಸಿನಲ್ಲಿ ಅತ್ತೆ ನನ್ನ ಪಕ್ಕದಲ್ಲೇ ಕೂತರು. ಬೇರೆಯವಳ ಕಣ್ಣಿನ ಹುಳ ಪಾಪವಾಗಿತ್ತು, ತಮ್ಮ ಕಣ್ಣಿಗೂ ಬರಬಹುದೆಂದ ಕೂಡಲೇ ಅದು ರೋಗವಾಯಿತು. ನನಗೆ ಆಗ ಅವರ ಮೇಲೆ ಎಂಥ ತಾತ್ಸಾರ ಹುಟ್ಟಿತೆಂದರೆ, ಮುಂದೆ ಅವರು ಮಾಡಿದ್ದನ್ನು ಕಂಡ ಮೇಲೂ ಅದು ಪೂರ್ತಿ ಹೋಗಿಲ್ಲ.

ಮರುದಿನ ಬೆಳಿಗ್ಗೆ ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಗನ ಕೈಗೆ ಹಾರೆ ಕೊಟ್ಟು ಮೆಂಬರರ ಗೇಟಿನ ಮುಂದೆ ನಿಂತರು. "ಒಡಿ ಇದನ್ನ," ಎಂದರು.

ನನ್ನ ಗಂಡ ಹಿಂದೆಮುಂದೆ ನೋಡಿದರು. "ಅಮ್ಮಿ, ಅವರು ಮೆಂಬರು..."

"ಮೆಂಬರ್ ಸೋತು ಮೂಲ್ಯಾಗ ಕುಂತಾನ. ಒಡೀತೀಯೋ, ನಾ ಒಡೀಲೋ?"

ಮೊದಲ ಏಟಿಗೇ ಮೆಂಬರರು ಬನಿಯನ್ನಿನಲ್ಲಿ ಓಡಿಬಂದರು. ಹಿಂದಿನಿಂದ ನಾಯಿ ಬೊಗಳುತ್ತಿತ್ತು. "ಏನು ಮಾಡಾಕತ್ತೀರಿ? ನನ್ನ ಕಟ್ಟಿ ಒಡೀತೀರೇನು? ಸ್ಟೇಷನ್ನಿಗೆ ಹೋಗ್ತೀನಿ!"

"ಹೋಗಪಾ, ಹೋಗು," ಎಂದರು ಅತ್ತೆ. "ನಿನ್ನ ಕಾರು ಒಳಗ ಹೋಗಾಕ ಓಣಿ ನೀರು ನಮ್ಮ ಬಾಯಾಗ ಬಿಟ್ಟೀಯಲ್ಲ, ಅದನ್ನೂ ಹೇಳು. ನಾಯಿಗೆ ಹಾರ ಹಾಕಿ ಫೋಟೋ ತಗಸ್ತಿ, ಒಂದು ಗುಳಿಗಿ ಹಾಕ್ಸಾಕ ಬರಂಗಿಲ್ಲ ನಿನಗ. ಬೀದಿ ನಾಯಿ ಹೊಲಕ್ಕ ಬಿಟ್ಟು ಬಂದಿ. ಸೊಳ್ಳಿನ ಯಾವ ಆಟೋದಾಗ ತುಂಬಿಸ್ತಿ?"

ಓಣಿ ತುಂಬ ಜನ ಸೇರಿದರು. ಎಲ್ಲರ ಕೈಯಲ್ಲೂ ಫೋನು, ಯಾರ ಕೈಯಲ್ಲೂ ಸಲಿಕೆ ಇಲ್ಲ. ನಮ್ಮಂತೆಯೇ ಸೊಳ್ಳೆಗೆ ರಕ್ತ ಕೊಡುತ್ತಿದ್ದವರೆಲ್ಲ ವಿಡಿಯೋ ಹಿಡಿದು ನಿಂತಿದ್ದರು. ಕಡೆಗೆ ನಾನೇ ಬುಟ್ಟಿ ತಂದು ಒಡೆದ ಚೂರುಗಳನ್ನು ಎತ್ತಿ ಹಾಕಿದೆ. ಸಿಮೆಂಟು ಬಿರುಕು ಬಿಡುತ್ತಿದ್ದಂತೆ ಕಪ್ಪು ನೀರು ಒಳಗಿನಿಂದ ಹೊಟ್ಟೆ ಒಡೆದಂತೆ ನುಗ್ಗಿತು. ಅದರ ಜೊತೆ ಪ್ಲಾಸ್ಟಿಕ್ಕು, ಚಿಂದಿ, ಬಿಸ್ಕತ್ತಿನ ಪೊಟ್ಟಣಗಳು. ನಾತಕ್ಕೆ ಜನ ಚದುರಿದರು. ಮಧ್ಯಾಹ್ನದ ಹೊತ್ತಿಗೆ ನಮ್ಮ ಬಾಗಿಲ ಮುಂದಿನ ಗಟಾರದ ತಳ ಕಂಡಿತು. ಮದುವೆಯಾಗಿ ಬಂದ ಮೇಲೆ ಅದರ ತಳವನ್ನು ನಾನು ನೋಡಿದ್ದು ಅದೇ ಮೊದಲು.

ಮೆಂಬರರ ಕಾರು ರಸ್ತೆಯ ಮೇಲೆ ಧೂಳು ತಿನ್ನತೊಡಗಿತು. ದೂರು ಕೊಡುತ್ತೇನೆ, ಬಿಡುವುದಿಲ್ಲ ಎಂದು ಚಹದ ಅಂಗಡಿಯಲ್ಲಿ ಹೇಳುತ್ತಲೇ ಇದ್ದರು. ನನ್ನ ಗಂಡ ಪೊಲೀಸರ ಬೈಕಿನ ಸದ್ದು ಕೇಳಿದರೆ ಸಾಕು, ಎದ್ದು ನಿಲ್ಲುತ್ತಿದ್ದರು.

ಚಳಿಗಾಲ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಹಿಂಬಾಗಿಲು ಬಡಿದ ಸದ್ದಾಯಿತು. ತೆರೆದರೆ ಮೆಂಬರರ ಹೆಂಡತಿ. ಮುಖಕ್ಕೆಲ್ಲ ಸೆರಗು ಸುತ್ತಿಕೊಂಡಿದ್ದರು. ಒಳಗೆ ಬಂದು, ಬಾಗಿಲು ತಾವೇ ಹಾಕಿ, ಸೆರಗು ಸರಿಸಿದರು. ಕೆನ್ನೆಯ ಮೇಲೆ ಗಂಟು.

"ಮೊದಲ ಇಲ್ಲಿತ್ತು," ಎಂದು ಕಿವಿಯ ಕೆಳಗೆ ತೋರಿಸಿದರು. "ಈಗ ಇಲ್ಲಿ ಬಂದೈತಿ. ನೀ ನೋಡು. ಅದ ಏನು?"

ಕುರ್ಚಿಯಲ್ಲಿ ಕೂರಿಸಿ ರಿಂಗ್ ಲೈಟ್ ಹಚ್ಚಿದೆ. ಬೆರಳಿಟ್ಟು ನೋಡಿದೆ. ಆಕೆ ಕನ್ನಡಿಯತ್ತ ನೋಡಲು ಒಪ್ಪಲಿಲ್ಲ. ಜಾತಿ ನಾಯಿಗೆ ರೋಗ ಬರುವುದಿಲ್ಲ, ಫಿಲ್ಟರ್ ನೀರು, ಸರ್ಟಿಫಿಕೇಟ್ ಎಲ್ಲ ನನ್ನ ನಾಲಿಗೆಯ ತುದಿಗೆ ಬಂದು ನಿಂತವು. ಆಡಿದ್ದರೆ ಅಂದು ನನಗೆ ಹಬ್ಬವಾಗುತ್ತಿತ್ತು. ಆದರೆ ಕನ್ನಡಿಯ ಮುಂದೆ ಒಬ್ಬಳೇ ನಿಂತ ಆ ಬೆಳಿಗ್ಗೆ ನನ್ನ ಕೈಕಾಲು ಹೇಗಾಗಿದ್ದವೆಂಬುದು ನನಗೆ ಗೊತ್ತಿತ್ತು.

"ನನಗ ಗೊತ್ತಾಗಂಗಿಲ್ಲ ಅಕ್ಕಾರ. ಇರಬಹುದು. ಲಿಂಗಸುಗೂರಿಗೆ ಹೋಗ್ರಿ, ಆ ಡಾಕ್ಟರಮ್ಮ ಯಾರಿಗೆ ತೋರಸಬೇಕು ಅಂತ ಹೇಳ್ತಾರ. ಅಂಜಬ್ಯಾಡ್ರಿ, ತೆಗದ್ರ ಮುಗೀತು," ಎಂದೆ.

"ನೀ ಬರ್ತೀಯೇನು ಜೋಡಿ?"

ಹೋದೆ. ಗಂಡನಿಗೆ ಹೇಳಿರಲಿಲ್ಲವಂತೆ. ಮುಖ ಮುಚ್ಚಿಕೊಂಡು ಬಸ್ಸಿನಲ್ಲಿ ನನ್ನ ಕೈ ಹಿಡಿದು ಕೂತಿದ್ದರು. ಕಣ್ಣಿನ ಡಾಕ್ಟರಮ್ಮ ತಮಗೆ ಗೊತ್ತಿದ್ದ ಸರ್ಜನ್ ಬಳಿ ಕಳಿಸಿದರು. ಕೆನ್ನೆಯ ಗಂಟಿನೊಳಗೆ ಸುತ್ತಿಕೊಂಡು ಕೂತದ್ದು ಅದೇ ಜಾತಿಯ ಹುಳ. ಈ ಸಲ ವಿಡಿಯೋ ಯಾರೂ ಮಾಡಲಿಲ್ಲ. "ಯಾರ ಮುಂದೂ ಹೇಳಬ್ಯಾಡ, ನಿನ್ನ ಕಾಲಿಗೆ ಬೀಳ್ತೀನಿ," ಎಂದರು. ಹೇಳುವುದಿಲ್ಲ ಎಂದೆ. ಊರಿನಲ್ಲಿ ಯಾರಿಗೂ ಹೇಳಿಲ್ಲ. ಇಲ್ಲಿ ಬರೆಯುವಾಗಲೂ ಹೆಸರು ಬಿಟ್ಟಿದ್ದೇನೆ.

ಆ ವಾರವೇ ದನದ ಡಾಕ್ಟರು ಮೆಂಬರರ ಮನೆಗೆ ಬಂದರು. ನಾಯಿಯ ರಕ್ತದಲ್ಲಿ ಮರಿಹುಳಗಳು ಕಿಕ್ಕಿರಿದಿದ್ದವಂತೆ. ನನಗೆ ಬಂದದ್ದು ಅದರಿಂದಲೇ ಎಂದು ಅಷ್ಟಕ್ಕೇ ಹೇಳಲಾಗದು, ಕುಂಟು ನಾಯಿಯ ರಕ್ತವನ್ನು ಯಾರು ನೋಡಿದ್ದಾರೆ? ಔಷಧ ಶುರುವಾಯಿತು. ಈಗ ಆ ನಾಯಿಯ ಕೂದಲಿಗೆ ಹೊಳಪು ಬಂದಿದೆ. ಇಡೀ ಪ್ರಸಂಗದಲ್ಲಿ ನನಗೆ ಸಿಟ್ಟು ಬರದಿದ್ದದ್ದು ಅದೊಂದರ ಮೇಲೆ ಮಾತ್ರ. ಪೊಲೀಸ್ ದೂರಿನ ಮಾತನ್ನೂ ಮೆಂಬರರು ಮತ್ತೆ ಎತ್ತಲಿಲ್ಲ. ಹೆಂಡತಿ ಏನು ಹೇಳಿ ಬಾಯಿ ಮುಚ್ಚಿಸಿದರೋ ನನಗೆ ಗೊತ್ತಿಲ್ಲ.

ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿ ಬಂದರು. ನನ್ನ ಮೇಲಿನ ನಂಬಿಕೆಯಿಂದಲ್ಲ, ಆ ನಡುವೆ ಅವರು ಹಿಡಿದಿದ್ದ ಹೊಸ ಪಾರ್ಲರಿನವಳು ಹುಬ್ಬು ವಕ್ರ ತೀಡಿದ್ದರಿಂದ. ಯಾರೂ ಹುಳದ ಮಾತೆತ್ತಿ ತಪ್ಪಾಯಿತು ಎನ್ನಲಿಲ್ಲ. ನಾನೂ ಕೇಳಲಿಲ್ಲ. ಕೂರಿಸಿ ಕೆಲಸ ಮಾಡಿ ಕಳಿಸಿದೆ.

ಮೊನ್ನೆ ಮೆಂಬರರ ಹೆಂಡತಿ ಮುಂಬಾಗಿಲಿನಿಂದಲೇ ಬಂದರು. ಕೆನ್ನೆಯ ಮೇಲಿನ ಗೆರೆ ಪೌಡರಿನಲ್ಲಿ ಮುಚ್ಚಿಹೋಗಿತ್ತು. ಕಾಯುತ್ತಿದ್ದ ಇಬ್ಬರು ಹೆಂಗಸರ ಎದುರಿಗೆ ಕುರ್ಚಿಯಲ್ಲಿ ಒರಗಿ ಹೇಳಿದರು: "ಆ ಹುಳ ಪಳ ಎಲ್ಲಾ ಹೊಲಸು ಇಟ್ಟಗೊಂಡವರಿಗೆ ಬರತಾವ. ನಮ್ಮಂಥವರಿಗೆ ಎಲ್ಲಿ ಬರಬೇಕು?"

ನಾನು ದಾರವನ್ನು ಹಲ್ಲಿನಲ್ಲಿ ಕಚ್ಚಿ, "ಮಾತಾಡಬ್ಯಾಡ್ರಿ ಅಕ್ಕಾರ, ಚರ್ಮ ಹರೀತೈತಿ," ಎಂದೆ. ಆಕೆ ಕಣ್ಣು ಮುಚ್ಚಿದರು.